ಅಪ್ಪನ ಅಂಗಡಿಯ ಕಪ್ಪು ಪರದೆ

ಸೋಮವಾರ ಬೆಳಿಗ್ಗೆ 9:30. ಮ್ಯಾಥ್ಸ್ ಕ್ಲಾಸಿನಲ್ಲಿ ಕೊನೆಯ ಬೆಂಚಲ್ಲಿ ಕೂತಿದ್ದೆ. ಜೇಬಿನಲ್ಲಿ ಫೋನ್ ನಡುಗಿತು. ನೋಡಿದರೆ ಅಪ್ಪ. ಕ್ಲಾಸ್ ಟೈಮಲ್ಲಿ ಅಪ್ಪ ಯಾವತ್ತೂ ಫೋನ್ ಮಾಡುವವನಲ್ಲ. ಕಟ್ ಮಾಡಿದೆ. ಮತ್ತೆ ಬಂತು. ಮೂರನೇ ಸಲ ಬಂದಾಗ ಸರ್ ಹತ್ತಿರ ಕೇಳಿಕೊಂಡು ಹೊರಗೆ ಓಡಿದೆ.

"ತಮ್ಮಾ, ಕಂಪ್ಯೂಟರ್ ಚಾಲೂ ಆಗವಲ್ದು. ಪರದಿ ಕರ್ರಗ ಆಗೇತಿ. ಎಡಗಡೆ ಮ್ಯಾಲೆ ಒಂದು ಸಣ್ಣ ಗೆರಿ ಅಷ್ಟ ಪಕಪಕ ಅನ್ನಾಕತ್ತೈತಿ. ಮಂದಿ ಬಂದು ನಿಂತಾರ. ನೀ ನಿನ್ನಿ ಏನರ ಮಾಡಿದ್ದೇನು?"

ಮಾಡಿದ್ದೆ.

ನಮ್ಮೂರು ಯಲಬುರ್ಗಾ. ಕೊಪ್ಪಳ ಜಿಲ್ಲೆ. ಇಲ್ಲಿ ಹಾಸ್ಟೆಲಿನಲ್ಲಿ ಊರ ಹೆಸರು ಹೇಳಿದರೆ "ಕಲಬುರ್ಗಿನಾ?" ಅಂತ ಕೇಳುತ್ತಾರೆ. ಅಲ್ಲ, ಬೇರೆ ಊರು. ಅಲ್ಲಿ ಅಪ್ಪಂದು ಒಂದು ಸಣ್ಣ ಅಂಗಡಿ. ಝೆರಾಕ್ಸ್, ಟೈಪಿಂಗ್, ಪಹಣಿ ಪ್ರಿಂಟು, ಸ್ಕಾಲರ್‌ಶಿಪ್ ಅರ್ಜಿ, ಇಂಥವೆಲ್ಲ. ಇರುವುದು ಒಂದೇ ಕಂಪ್ಯೂಟರ್. ಅದರ ಮದರ್‌ಬೋರ್ಡಿನ ಮಾನಿಟರ್ ಪೋರ್ಟ್ ಎರಡು ವರ್ಷದ ಹಿಂದೆಯೇ ಸತ್ತಿದೆ. ರಿಪೇರಿಯವರು ಬೋರ್ಡು ಬದಲಿಸುವ ಖರ್ಚು ಬೇಡ ಅಂತ ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಟ್ಟಿದ್ದರು. ಜಿಫೋರ್ಸ್ ಜಿಟಿ 710. ಅಂದರೆ ಆ ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವುದು ಗೇಮ್ ಆಡಲಿಕ್ಕಲ್ಲ. ಅದು ಇಲ್ಲದಿದ್ದರೆ ಪರದೆಯ ಮೇಲೆ ಏನೂ ಬರುವುದಿಲ್ಲ, ಅಷ್ಟೇ.

ಆ ಕಂಪ್ಯೂಟರಿಗೆ ಲಿನಕ್ಸ್ ಹಾಕಿದವನು ನಾನೇ. ಪಿಯುಸಿ ಮುಗಿದ ಬೇಸಿಗೆಯಲ್ಲಿ. ಹಳೇ ವಿಂಡೋಸ್ ಕಾಪಿ ವೈರಸ್ ಹತ್ತಿ ದಿನಕ್ಕೆ ನಾಲ್ಕು ಸಲ ನಿಲ್ಲುತ್ತಿತ್ತು. ನಾನು ಲಿನಕ್ಸ್ ಮಿಂಟ್ ಹಾಕಿ ಕೊಟ್ಟೆ. ಅಪ್ಪನಿಗೆ ಇದ್ದದ್ದು ಒಂದೇ ಚಿಂತೆ: "ನುಡಿ ಕೀಲಿಮಣೆ ಅದರಾಗ ಬರ್ತೈತೇನು?" ಬರುತ್ತದೆ, ಕೆಜಿಪಿ ಅನ್ನೋ ಹೆಸರಿನಲ್ಲಿ ಅದೇ ವಿನ್ಯಾಸ ಇದೆ. ಅಪ್ಪನ ಬೆರಳು ಒಂದು ದಿನವೂ ತಡವರಿಸಲಿಲ್ಲ. ಫಾಂಟುಗಳ ಹೆಸರು ಗುಬ್ಬಿ, ನವಿಲು ಅಂತ ಇರುವುದನ್ನು ನೋಡಿ ಖುಷಿಪಟ್ಟ. ಊರಲ್ಲಿ ಸಿಕ್ಕವರಿಗೆಲ್ಲ "ನಮ್ಮ ಹುಡುಗ ಹಾಕ್ಯಾನ, ರೊಕ್ಕ ಕೊಡೋದಿಲ್ಲ ಇದಕ್ಕ" ಅಂತ ಹೇಳುತ್ತಿದ್ದ. ನನಗೂ ತಲೆ ಸ್ವಲ್ಪ ತಿರುಗಿತ್ತು ಅನ್ನಿ.

ಈಗ ಆ ರವಿವಾರಕ್ಕೆ ಬರೋಣ. ಜುಲೈ ಕೊನೆ. ಎರಡು ದಿನ ಊರಿಗೆ ಹೋಗಿದ್ದೆ. ಪರದೆ ಮೇಲೆ ಪುಟ ಜಾರಿಸುವಾಗ ಅದು ನಡುವೆ ಸೀಳಿದ ಹಾಗೆ ಕಾಣುತ್ತಿತ್ತು, ವಿಡಿಯೋ ನೋಡುವಾಗ ಇನ್ನೂ ಜಾಸ್ತಿ. ಅಪ್ಪ ಅದನ್ನು ಗಮನಿಸಿಯೂ ಇರಲಿಲ್ಲ. ನನಗೆ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಓಡುತ್ತಿದ್ದದ್ದು ನೂವೋ ಅನ್ನುವ ಡ್ರೈವರ್, ಲಿನಕ್ಸಿನ ಜೊತೆಯಲ್ಲೇ ಬರುವಂಥದ್ದು. ಹಾಸ್ಟೆಲಿನಲ್ಲಿ ರೂಮ್‌ಮೇಟ್‌ನ ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಎನ್ವಿಡಿಯಾ ಕಂಪನಿಯದೇ ಡ್ರೈವರ್ ಇತ್ತು, ನಂಬರ್ 535. ಅದರಲ್ಲಿ ಎಲ್ಲಾ ಬೆಣ್ಣೆ ಹಾಗೆ ಓಡುತ್ತಿತ್ತು. ನಾನು ಅದೇ ನಂಬರ್ ಹೊಡೆದು ಇನ್‌ಸ್ಟಾಲ್ ಮಾಡಿದೆ. ದೊಡ್ಡ ನಂಬರ್ ಅಂದರೆ ಒಳ್ಳೇದು, ಅಲ್ವಾ? ಕಾರ್ಡ್ ಯಾವುದು, ಅದಕ್ಕೆ ಯಾವುದು ಹೊಂದುತ್ತದೆ ಅಂತ ನೋಡಲಿಲ್ಲ.

ಹೊಸ ಡ್ರೈವರ್ ಹಾಕಿದ ಕೂಡಲೇ ಏನೂ ಬದಲಾಗುವುದಿಲ್ಲ. ಆಗ ಓಡುತ್ತಿರುವುದೇ ಓಡುತ್ತಿರುತ್ತದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಾಗಲೇ ಹೊಸದು ಕೂರುತ್ತದೆ. ಅಪ್ಪ ಯಾರದೋ ಅರ್ಜಿ ಟೈಪ್ ಮಾಡಲಿಕ್ಕೆ ಕೂತ. ನನಗೆ ರಾತ್ರಿ ಬಸ್ಸಿಗೆ ಹೊತ್ತಾಗಿತ್ತು. ರೀಸ್ಟಾರ್ಟ್ ಮಾಡಲಿಲ್ಲ. ಡ್ರೈವರ್ ಬದಲಿಸಿದ್ದೀನಿ ಅಂತ ಹೇಳಲೂ ಇಲ್ಲ. ಹೇಳಿದರೆ ಅಪ್ಪನಿಗೆ ಏನು ತಿಳಿಯುತ್ತದೆ ಅಂದುಕೊಂಡೆ. ನಾನು ಬಸ್ಸಿನಲ್ಲಿ ಮಲಗಿದ್ದಾಗ ಅಪ್ಪ ಅಂಗಡಿ ಮುಚ್ಚುವಾಗ ಕಂಪ್ಯೂಟರ್ ಬಂದ್ ಮಾಡಿದ್ದಾನೆ.

ಸೋಮವಾರ ಅಂಗಡಿ ಮುಂದೆ ನಿಂತಿದ್ದವರು ರೈತರು. ನಮ್ಮದು ಎರೆಭೂಮಿ, ಮಳೆ ನಂಬಿದ ಬೇಸಾಯ. ಮೆಕ್ಕೆಜೋಳ, ಸಜ್ಜೆ, ತೊಗರಿ. ಮುಂಗಾರು ಬೆಳೆ ವಿಮೆಗೆ ಜುಲೈ ಕೊನೆಯೊಳಗೆ ಕಾಗದ ಕೊಡಬೇಕು: ಪಹಣಿ, ಆಧಾರ್, ಪಾಸ್‌ಬುಕ್ ಝೆರಾಕ್ಸ್, ಯಾವ ಬೆಳೆ ಬಿತ್ತಿದ್ದೀನಿ ಅನ್ನೋ ಘೋಷಣೆ ಪತ್ರ. ಬೇವೂರು, ಕರಮುಡಿ, ಮುಧೋಳ, ಎಲ್ಲಾ ಕಡೆಯಿಂದ ಬಸ್ಸು ಹತ್ತಿ ಬಂದಿರುತ್ತಾರೆ. ಒಂದು ದಿನದ ಕೆಲಸ ಬಿಟ್ಟು ಬಂದಿರುತ್ತಾರೆ. ವರ್ಷದಲ್ಲಿ ಅಂಗಡಿಗೆ ನಾಲ್ಕು ಕಾಸು ಬರುವ ವಾರವೂ ಅದೇ.

ನಾನು ಕ್ಲಾಸ್‌ರೂಮಿನ ಹೊರಗೆ ಮೆಟ್ಟಿಲ ಮೇಲೆ ಕೂತೆ.

"ಅಪ್ಪಾ, ಕಂಟ್ರೋಲ್, ಆಲ್ಟ್, ಎಫ್ ಮೂರು, ಮೂರೂ ಕೂಡೇ ಒತ್ತು."

"ಒತ್ತೀನಿ. ಇಂಗ್ಲಿಷ್ ಬಂತು. ಹೆಸರು ಕೇಳಾಕತ್ತೈತಿ."

ಲಿನಕ್ಸಿನಲ್ಲಿ ಚಿತ್ರದ ಪರದೆ ಬಿದ್ದುಹೋದರೂ ಹಿಂದೆ ಒಂದು ಬರಿ ಅಕ್ಷರದ ಪರದೆ ಇರುತ್ತದೆ. ಮೌಸ್ ಇಲ್ಲ, ಐಕಾನ್ ಇಲ್ಲ. ಕಪ್ಪು ಹಲಗೆ ಮೇಲೆ ಬಿಳಿ ಅಕ್ಷರ. ಅಲ್ಲಿಂದ ರಿಪೇರಿ ಮಾಡಬಹುದು. ನನ್ನೆದುರಿಗೆ ಇದ್ದಿದ್ದರೆ ಎರಡು ನಿಮಿಷದ ಕೆಲಸ. ಫೋನಿನಲ್ಲಿ 50 ನಿಮಿಷ ಹಿಡಿಯಿತು.

ಮೊದಲು ಕಂಪ್ಯೂಟರ್ ಏನು ಹೇಳುತ್ತಿದೆ ನೋಡಬೇಕು. "ಅಪ್ಪಾ, ಬರಿ, ಸುಡೊ..."

"ಸುಡು?"

"ಸುಡೋದಲ್ಲಪಾ. ಎಸ್, ಯು, ಡಿ, ಒ. ಆಮ್ಯಾಲೆ ಒಂದು ಜಾಗ ಬಿಡು. ಡಿ, ಎಂ, ಇ, ಎಸ್, ಜಿ. ಮತ್ತ ಜಾಗ. ಈಗ ನಿಂತ ಗೆರಿ."

"ನಿಂತ ಗೆರಿ ಎಲ್ಲೈತಿ?"

"ಎಂಟರ್ ಮ್ಯಾಲೆ. ಶಿಫ್ಟ್ ಹಿಡಿದು ಒತ್ತು."

ಇಂಗ್ಲಿಷಿನಲ್ಲಿ ಅದಕ್ಕೆ ಪೈಪ್ ಅನ್ನುತ್ತೇವೆ. ಹೈಫನ್‌ಗೆ ಅಡ್ಡಗೆರೆ ಅಂದೆ. ಕ್ಯಾಪಿಟಲ್ ಲೆಟರ್‌ಗೆ ದೊಡ್ಡ ಎಬಿಸಿಡಿ ಅಂದೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವನು ನಾನು. ಈ ಚಿಹ್ನೆಗಳನ್ನು ಕನ್ನಡದಲ್ಲಿ ಯಾವತ್ತೂ ಕರೆದೇ ಇರಲಿಲ್ಲ. ಬಾಯಿಗೆ ಬಂದ ಹೆಸರು ಇಟ್ಟುಕೊಂಡು ಹೋದೆ. ಅಪ್ಪ ಅವನ್ನೇ ನೆನಪಿಟ್ಟುಕೊಂಡ.

ಪಾಸ್‌ವರ್ಡ್ ಕೇಳಿತು. ಆಮೇಲೆ ಫೋನಿನಲ್ಲಿ ಮೌನ.

"ತಮ್ಮಾ, ಕೀಬೋರ್ಡೂ ಸತ್ತೈತಿ. ಎಷ್ಟು ಒತ್ತಿದ್ರೂ ಏನೂ ಮೂಡವಲ್ದು."

ಲಿನಕ್ಸ್ ಬಳಸುವವರಿಗೆ ಗೊತ್ತು. ಅಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಎಷ್ಟೋ ಸಲ ಚುಕ್ಕಿ ಕೂಡ ಕಾಣುವುದಿಲ್ಲ. "ಕಾಣಂಗಿಲ್ಲಪಾ, ಒಳಗ ಹೋಗ್ತಿರ್ತೈತಿ. ಹೊಡೆದು ಎಂಟರ್ ಒತ್ತು" ಅಂದೆ. ಎರಡು ಸಲ ತಪ್ಪಿತು. ಹಿಂದೆ ಯಾರೋ ಅಜ್ಜ "ಇವತ್ತು ಆಗ್ತೈತೋ ಇಲ್ಲೋ ಹೇಳಿಬಿಡ್ರಿ" ಅನ್ನುವುದು ಕೇಳಿಸಿತು. ಅಪ್ಪ ಅವರಿಗೆ "ಆಗ್ತೈತಿ ಕುಂದರ್ರಿ, ನಮ್ಮ ಹುಡುಗ ಫೋನಿನ್ಯಾಗ ಅದಾನ" ಅಂದ. ಆ ಮಾತು ಕೇಳಿ ನನಗೆ ಬೆವರು ಬಂತು. ಮಾಡಿಟ್ಟು ಬಂದವನೇ ನಾನು.

ಕೊನೆಗೆ ಸಾಲು ಬಂತು. ಅಪ್ಪ ಫೋಟೋ ತೆಗೆದು ವಾಟ್ಸಾಪ್ ಮಾಡಿದ. ಓದಿದೆ. ಎಲ್ಲಾ ಅಲ್ಲೇ ಬರೆದಿತ್ತು. ಈ ಕಂಪ್ಯೂಟರಿನಲ್ಲಿರುವ ಜಿಟಿ 710 ಕಾರ್ಡಿಗೆ 470ನೇ ಸರಣಿಯ ಹಳೇ ಡ್ರೈವರ್ ಬೇಕು, 535 ಈ ಕಾರ್ಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ. ನಿನ್ನೆ ರಾತ್ರಿ ಒಂದು ಸಲ ರೀಸ್ಟಾರ್ಟ್ ಮಾಡಿದ್ದರೆ ಇದೇ ಸಾಲು ನನಗೇ ಕಾಣುತ್ತಿತ್ತು.

ಅಷ್ಟರಲ್ಲಿ ಅಪ್ಪನಿಗೆ ಬೇರೆ ಚಿಂತೆ ಹತ್ತಿತ್ತು. "ಫೈಲ್ ಅದಾವಿಲ್ಲೋ?" ಅಪ್ಪ ಒಂದೊಂದು ಊರಿಗೆ ಒಂದೊಂದು ಫೋಲ್ಡರ್ ಮಾಡಿ ಕನ್ನಡದಲ್ಲೇ ಹೆಸರು ಕೊಟ್ಟಿದ್ದಾನೆ. ನೋಡಲಿ ಅಂತ ಎಲ್ ಎಸ್ ಹೊಡೆಸಿದೆ.

"ಇಲ್ಲಪಾ! ಹೆಸರೆಲ್ಲಾ ಹೋಗ್ಯಾವು. ಬರೇ ಚೌಕ ಚೌಕ ಬಂದಾವು."

ಹೋಗಿರಲಿಲ್ಲ. ಆ ಕಪ್ಪು ಪರದೆಗೆ ಕನ್ನಡ ತೋರಿಸಲಿಕ್ಕೆ ಬರುವುದಿಲ್ಲ. ಅದಕ್ಕೆ ಒಂದು ಸಲಕ್ಕೆ 256 ಇಲ್ಲವೇ 512 ಅಕ್ಷರ ರೂಪಗಳನ್ನಷ್ಟೇ ಇಟ್ಟುಕೊಳ್ಳಲಿಕ್ಕಾಗುತ್ತದೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲಾ ಜೋಡಿಸಿ ಬರೆಯುವ ಒಂದು ತಂತ್ರಾಂಶ ಬೇಕು, ಹಾರ್ಫ್‌ಬಝ್ ಅಂತ ಅದರ ಹೆಸರು. ಅದು ಇರುವುದು ಚಿತ್ರದ ಪರದೆಯ ಕಡೆ. ಡ್ರೈವರ್ ಬಿತ್ತು, ಚಿತ್ರದ ಪರದೆ ಬಿತ್ತು, ಅದರ ಜೊತೆ ಕನ್ನಡವೂ ಹೋಯಿತು. ಉಳಿದದ್ದು ಇಂಗ್ಲಿಷ್ ಒಂದೇ.

"ಅಪ್ಪಾ, ಮೊದಲನೇ ಸಾಲಿನ್ಯಾಗ ಎಷ್ಟು ಚೌಕ ಅದಾವ ಎಣಿಸು."

"ಆರು."

"ಬೇವೂರು ಅದು. ಬ, ಅದಕ್ಕ ಏತ್ವ. ವ, ಅದಕ್ಕ ಊತ್ವ. ರ, ಅದಕ್ಕ ಉತ್ವ. ಒಟ್ಟು ಆರು. ಹೆಸರು ಒಳಗ ಹಂಗ ಐತಿ, ತೋರಸಾಕ ಬರವಲ್ದು ಅಷ್ಟ."

ನಮ್ಮ ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರಿಗೆ ಆರು ಸಂಕೇತ. ಯುನಿಕೋಡ್ ಕನ್ನಡವನ್ನು ಹಾಗೆಯೇ ಇಡುತ್ತದೆ. ಅಪ್ಪ ಮುಂದಿನ ಸಾಲು ತಾನೇ ಎಣಿಸಿ "ಇದು ಕರಮುಡಿ ಇರಬೇಕು" ಅಂದ. ದನಿ ಸ್ವಲ್ಪ ಸಮಾಧಾನ ಆಗಿತ್ತು.

ಇನ್ನು ಉಳಿದದ್ದು ಒಂದೇ ಸಾಲು. ಹೊಸದನ್ನು ಕಿತ್ತು ಹಾಕಿದರೆ ಹಳೇ ನೂವೋ ತಾನಾಗಿ ವಾಪಸ್ ಬರುತ್ತದೆ. "ಸುಡೊ, ಎಪಿಟಿ, ಪರ್ಜ್, ಎನ್ವಿಡಿಯಾ, ಅಡ್ಡಗೆರೆ, ನಕ್ಷತ್ರ." ಎಪಿಟಿ, ಪರ್ಜ್, ಎನ್ವಿಡಿಯಾ ಮೂರನ್ನೂ ಒಂದೊಂದೇ ಅಕ್ಷರ ಹೇಳಿಸಿದೆ. ಪರದೆ ತುಂಬ ಹೆಸರು ಬಂದವು.

"ಇವೆಲ್ಲಾ ತೆಗೆದು ಹಾಕ್ಲ್ಯಾ ಅಂತ ಕೇಳಾಕತ್ತೈತಿ. ಭಾಳ ಅದಾವಪಾ. ವೈ ಒತ್ತಲ್ಯಾ?"

"ಒತ್ತು."

"ನಿನಗ ಖಾತ್ರಿ ಐತೇನು?"

ನಿನ್ನೆ ಖಾತ್ರಿ ಇತ್ತು, ಇವತ್ತು ಅಷ್ಟಿರಲಿಲ್ಲ. ಆದರೂ "ಐತಿ, ಒತ್ತು" ಅಂದೆ. ಒತ್ತಿದ. ರೀಬೂಟ್ ಹೊಡೆಸಿದೆ. ಫೋನ್ ಕಿವಿಗೆ ಹಿಡಿದುಕೊಂಡೇ ಕಾದೆ. ಸ್ವಲ್ಪ ಹೊತ್ತಿಗೆ ಅಪ್ಪ "ಬಂತು" ಅಂತ ಒಂದೇ ಮಾತು ಹೇಳಿ, ಫೋನ್ ಇಡದೇ, "ಯಾರದ್ರಿ ಮೊದಲ್ನೇದ್ದು?" ಅಂತ ಆ ಕಡೆ ಕೇಳಿದ. ಗಂಟೆ 10:25.

ಆ ಬೆಳಿಗ್ಗೆ ಎಷ್ಟು ಮಂದಿ ಕಾಯದೇ ಬೇರೆ ಅಂಗಡಿಗೆ ಹೋದರು ಅಂತ ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಬೈಯುತ್ತಾನೆ ಅಂದುಕೊಂಡಿದ್ದೆ. ರಾತ್ರಿ ಫೋನ್ ಮಾಡಿದಾಗ ಬೈಯಲಿಲ್ಲ. "ಏನಾಗಿತ್ತು ಅಂತ ನನಗ ತಿಳಿಯಂಗ ಹೇಳು" ಅಂದ.

ಹೇಳಲಿಕ್ಕೆ ಶುರು ಮಾಡಿದೆ. "ಅಪ್ಪಾ, ಕರ್ನಲ್ ಅಂತ ಇರ್ತೈತಿ. ಅದರಾಗ ಮಾಡ್ಯೂಲ್ ಲೋಡ್ ಆಗಲಿಲ್ಲ. ಅದಕ್ಕ ಡಿಸ್‌ಪ್ಲೇ ಸರ್ವರ್ ಸ್ಟಾರ್ಟ್ ಆಗಲಿಲ್ಲ."

"ತಮ್ಮಾ, ಇದರಾಗ 'ಆಗಲಿಲ್ಲ' ಅನ್ನೋದೊಂದ ತಿಳೀತು."

ನಾಳೆ ಹೇಳ್ತೀನಿ ಅಂತ ಇಟ್ಟೆ. ಡಿವೈಸ್ ಡ್ರೈವರ್ ಅಂದರೆ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಐದು ಮಾರ್ಕಿಗೆ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಆದರೆ ಆ ರಾತ್ರಿ ಗೊತ್ತಾಯಿತು, ನನಗೆ ಆ ವಾಕ್ಯ ಗೊತ್ತು, ವಿಷಯ ಗೊತ್ತಿಲ್ಲ. ಕಮಾಂಡ್ ಗೊತ್ತು, ಅದು ಒಳಗೆ ಏನು ಮಾಡುತ್ತದೆ ಗೊತ್ತಿಲ್ಲ. ಎರಡು ಗಂಟೆವರೆಗೆ ಓದಿದೆ. ಮರುದಿನ ಹೀಗೆ ಹೇಳಿದೆ.

"ಅಪ್ಪಾ, ಡ್ರೈವರ್ ಅಂದ್ರ ನೀನ. ರೈತ ಬರ್ತಾನ, ತನ್ನ ಮಾತಿನ್ಯಾಗ ಹೇಳ್ತಾನ. ಕಚೇರಿಗೆ ಆ ಮಾತು ತಿಳಿಯಂಗಿಲ್ಲ, ಅದಕ್ಕ ಅದರ ಫಾರಂ ಬೇಕು. ನೀ ನಡುವ ಕುಂತು ಇವನ ಮಾತನ್ನ ಆ ಫಾರಂನ್ಯಾಗ ಬರೀತಿ. ಹಂಗ, ಇಲ್ಲೊಂದು ಅಕ್ಷರ ಬರಿ ಅಂತ ಕಂಪ್ಯೂಟರ್ ಹೇಳ್ತೈತಿ, ಕಾರ್ಡಿಗೆ ಅದು ತಿಳಿಯಂಗಿಲ್ಲ. ಕಾರ್ಡಿನ ಮಾತಿನ್ಯಾಗ ಹೇಳಾವ ಡ್ರೈವರ್."

"ಹೌದು. ಮತ್ತ ಹೊಸಾದು ಯಾಕ ಕೈ ಕೊಡ್ತು?"

ನಮ್ಮ ಕಾರ್ಡಿನೊಳಗಿನ ಚಿಪ್ಪಿನ ವಿನ್ಯಾಸದ ಹೆಸರು ಕೆಪ್ಲರ್, 2012ರಲ್ಲಿ ಬಂದದ್ದು. 470ರ ಸರಣಿಯವರೆಗೆ ಕಂಪನಿ ಡ್ರೈವರ್‌ಗೆ ಅದರ ಭಾಷೆ ಬರುತ್ತಿತ್ತು. 2021ರಲ್ಲಿ ಅದರ ಮುಂದಿನ ಸರಣಿಯಿಂದ ಕೆಪ್ಲರ್‌ನ ಕೈ ಬಿಟ್ಟರು. ಇದನ್ನೇ ಹೇಳಿದೆ. ಅಪ್ಪ ಸ್ವಲ್ಪ ಯೋಚಿಸಿ, "ಅಂದ್ರ ಹೊಸಾ ಕ್ಲಾರ್ಕ್ ಬಂದಾನ, ಅವಗ ಹಳೇ ಕೈಬರಹದ ಪಹಣಿ ಓದಾಕ ಬರಂಗಿಲ್ಲ. ಹಳಬನ್ನ ನೀ ಕೆಲಸದಿಂದ ತೆಗೆದಿದ್ದಿ" ಅಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಕಂಪನಿ ಡ್ರೈವರ್ ಹಾಕಿದಾಗ ಅದು ನೂವೋಗೆ ಬಾಗಿಲು ಹಾಕಿರುತ್ತದೆ, ಇಬ್ಬರೂ ಒಂದೇ ಕಾರ್ಡಿಗೆ ಕೈ ಹಾಕಬಾರದು ಅಂತ. ಹೊಸಬನಿಗೆ ಬರಲಿಲ್ಲ, ಹಳಬನಿಗೆ ಬಾಗಿಲಿಲ್ಲ. ಅದಕ್ಕೇ ಪರದೆ ಕಪ್ಪು.

ಆ ಹಳಬನ ಕಥೆಯೂ ಓದುವಾಗ ಸಿಕ್ಕಿತು. ನೂವೋ ಅಂದರೆ ಫ್ರೆಂಚಿನಲ್ಲಿ ಹೊಸದು ಅಂತ. ಎನ್ವಿಡಿಯಾ ತನ್ನ ಕಾರ್ಡಿನ ಒಳಗುಟ್ಟನ್ನು ಹೊರಗೆ ಹೇಳುತ್ತಿರಲಿಲ್ಲ. ಕೆಲವು ಸ್ವಯಂಸೇವಕರು ಕಂಪನಿಯ ಡ್ರೈವರ್ ಕಾರ್ಡಿಗೆ ಏನೇನು ಕಳಿಸುತ್ತದೆ ಅಂತ ಗಮನಿಸಿ, ಅದರಿಂದ ಕಾರ್ಡಿನ ಭಾಷೆ ಕಲಿತು ನೂವೋ ಬರೆದರು. 2010ರಲ್ಲಿ ಬಂದ 2.6.33 ಕರ್ನಲ್‌ನಿಂದ ಅದು ಲಿನಕ್ಸಿನ ಜೊತೆಗೇ ಬರುತ್ತಿದೆ. 2012ರಲ್ಲಿ ಫಿನ್ಲೆಂಡಿನ ಆಲ್ಟೋ ವಿಶ್ವವಿದ್ಯಾಲಯದಲ್ಲಿ ಲಿನಸ್ ಟೊರ್ವಾಲ್ಡ್ಸ್ ಇದೇ ವಿಷಯಕ್ಕೆ ಸಿಟ್ಟಾಗಿ ಕ್ಯಾಮೆರಾಕ್ಕೆ ನಡುಬೆರಳು ತೋರಿಸಿ ಎನ್ವಿಡಿಯಾಗೆ ಬೈದ ವಿಡಿಯೋ ನೀವೂ ನೋಡಿರಬಹುದು. 2022ರ ಮೇ ತಿಂಗಳಲ್ಲಿ ಕಂಪನಿ ಡ್ರೈವರಿನ ಕರ್ನಲ್ ಭಾಗವನ್ನು ಓಪನ್ ಸೋರ್ಸ್ ಮಾಡಿತು. ಆದರೆ ಅದು ಟ್ಯೂರಿಂಗ್ ಮತ್ತು ಅದರ ಮುಂದಿನ ಕಾರ್ಡುಗಳಿಗೆ. ನಮ್ಮ ಜಿಟಿ 710ಗೆ ಅಲ್ಲ.

ಅಪ್ಪನಿಗೆ ಈ ನೋಡಿ ಕಲಿತ ಕಥೆ ಬಹಳ ಹಿಡಿಸಿತು. ಅಪ್ಪ ಟೈಪಿಂಗ್ ಕಲಿತದ್ದೂ ಹಾಗೇ. ಕೊಪ್ಪಳದಲ್ಲಿ ಒಂದು ಅಂಗಡಿಯಲ್ಲಿ ಝೆರಾಕ್ಸ್ ಹಾಳೆ ಜೋಡಿಸುವ ಕೆಲಸಕ್ಕಿದ್ದಾಗ ಟೈಪಿಸ್ಟಿನ ಬೆರಳು ನೋಡಿ ನೋಡಿ ಕಲಿತದ್ದು. ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲವಂತೆ. ಇದನ್ನು ನನಗೆ ಅಪ್ಪ ಆ ದಿನವೇ ಮೊದಲು ಹೇಳಿದ್ದು.

ದಸರಾ ರಜೆಯಲ್ಲಿ ಊರಿಗೆ ಹೋದೆ. 470 ಹಾಕಬಹುದಿತ್ತು. ಆದರೆ ಅದಕ್ಕೆ ಭದ್ರತಾ ಅಪ್‌ಡೇಟ್ ಕೊಡುವುದನ್ನೂ ಕಂಪನಿ 2024ಕ್ಕೆ ಮುಗಿಸಿದೆ. ಕರ್ನಲ್ ಹೊಸದಾದಾಗಲೆಲ್ಲ ಅಂಥ ಹಳೇ ಡ್ರೈವರ್ ಹೊಂದದೇ ಹೋಗುವ ಭಯ ಇದ್ದೇ ಇರುತ್ತದೆ. ನೂವೋ ಇದ್ದರೆ ಕಾರ್ಡಿನ ಪೂರ್ತಿ ವೇಗ ಸಿಗುವುದಿಲ್ಲ, ಪುಟ ಜಾರಿಸುವಾಗ ಸೀಳುತ್ತದೆ. ಸೀಳಲಿ. ಪಹಣಿ ಪ್ರಿಂಟಿಗೆ ಅಷ್ಟು ಸಾಕು. ನೂವೋನೇ ಬಿಟ್ಟೆ.

ನೀವು ನಿಮ್ಮ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಬದಲಿಸುವವರಿದ್ದರೆ, ಪೆಟ್ಟು ತಿಂದವನಾಗಿ ನಾಲ್ಕು ಮಾತು. ಮೊದಲು ಕಾರ್ಡ್ ಯಾವುದು ನೋಡಿ. ಉಬುಂಟು, ಮಿಂಟ್‌ನಲ್ಲಿ ಯಾವ ನಂಬರ್ ಹೊಂದುತ್ತದೆ ಅಂತ ಡ್ರೈವರ್ ಮ್ಯಾನೇಜರೇ ಹೇಳುತ್ತದೆ, ಅದನ್ನು ಬಿಟ್ಟು ಗೆಳೆಯನ ನಂಬರ್ ಹಾಕಬೇಡಿ. ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ರೀಸ್ಟಾರ್ಟ್ ಆದಾಗ ಒಂದು ನೀಲಿ ಪರದೆ ಬಂದು ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಪಾಸ್‌ವರ್ಡ್ ಕೇಳಬಹುದು. ಅದನ್ನು ದಾಟಿಸಿ ಮುಂದೆ ಹೋದರೆ ಡ್ರೈವರ್ ಕೂರುವುದಿಲ್ಲ. ಮತ್ತೆ, ನಿಮ್ಮ ಕಣ್ಣೆದುರೇ ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಿ. ಬಸ್ಸಿಗೆ ಹೊತ್ತಾಗಿದ್ದರೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಹೊರಡುವ ಮುಂಚೆ ಒಂದು ಹಾಳೆ ಮೇಲೆ "ಪರದೆ ಕಪ್ಪಾದರೆ" ಅಂತ ತಲೆಬರಹ ಕೊಟ್ಟು ಹಂತ ಹಂತವಾಗಿ ಬರೆದೆ. ನಿಂತ ಗೆರೆ, ಅಡ್ಡಗೆರೆ, ನಕ್ಷತ್ರ ಎಲ್ಲಾ ಅವೇ ಹೆಸರಿನಲ್ಲಿ. ಅಪ್ಪ ಓದಿ ಪೆನ್ನು ತೆಗೆದುಕೊಂಡು ಮೂರು ಕಡೆ ಒತ್ತಕ್ಷರ ತಿದ್ದಿದ. ಪಾಸ್‌ವರ್ಡ್ ಕಾಣುವುದಿಲ್ಲ ಅನ್ನುವ ಸಾಲಿನ ಕೆಳಗೆ ಎರಡು ಗೆರೆ ಎಳೆದ. ಕೊನೆಗೆ ತನ್ನದೊಂದು ಸಾಲು ಸೇರಿಸಿದ: "ಏನು ಬದಲಿಸುವುದಿದ್ದರೂ ಅಂಗಡಿ ಮುಚ್ಚಿದ ಮೇಲೆ, ಹೇಳಿ ಬದಲಿಸಬೇಕು." ಅದು ಯಾರಿಗೆ ಅಂತ ಕೇಳಲಿಲ್ಲ. ಆ ಹಾಳೆ ಈಗ ಮಾನಿಟರಿನ ಹಿಂದಿನ ಗೋಡೆಗೆ ಅಂಟಿಸಿದೆ.

ಹೋದ ವಾರ ಅಪ್ಪನ ಫೋನ್ ಬಂತು. ಈ ಸಲ ರಾತ್ರಿ 8:30ಕ್ಕೆ.

"ತಮ್ಮಾ, ಅಪ್‌ಡೇಟ್ ಬಂದೈತಿ ಅಂತ ತೋರಸಾಕತ್ತೈತಿ. ಕರ್ನಲ್ ಅಂತ ಬರದೈತಿ. ಅಂಗಡಿ ಬಂದ್ ಮಾಡೀನಿ. ಒತ್ತಲ್ಯಾ?"

"ಒತ್ತಪಾ. ಆಮ್ಯಾಲೆ ರೀಸ್ಟಾರ್ಟ್ ಮಾಡು. ಪರದಿ ಬರೋ ತನಕ ನಾ ಫೋನಿನ್ಯಾಗ ಇರ್ತೀನಿ."